ಸುಂಗೈ ರೋಡ್ ಲಕ್ಸಾ: ಚಮಚ ಒಂದೇ ಸಾಕು

ಊರಿಂದ ಸಿಂಗಾಪುರಕ್ಕೆ ಬರೋರೆಲ್ಲಾ ಟಿಕೆಟ್ ಬುಕ್ ಆದ ತಕ್ಷಣ ವಾಟ್ಸಾಪಲ್ಲಿ ಕೇಳೋದು ಒಂದೇ, ಲಕ್ಸಾ, ಅಂದ್ರೆ ಕಾಯಿ ಹಾಲಿನ ಸಾರಲ್ಲಿ ಹಾಕಿದ ಅಕ್ಕಿ ಶ್ಯಾವಿಗೆ, ಎಲ್ಲಿ ತಿನ್ನಬೇಕು ಅಂತ. ಯೂಟ್ಯೂಬ್ ನೋಡಿ ಬಂದೋರು ಕಟೋಂಗ್ ಏರಿಯಾ ಅಂತಾರೆ, ಆಫೀಸ್ ಕೆಲಸಕ್ಕೆ ಬಂದೋರು ಹೋಟೆಲ್ ಪಕ್ಕದ ಮಾಲಲ್ಲೇ ತಿಂದು ಮುಗಿಸ್ತಾರೆ, ಆಮೇಲೆ ಅಷ್ಟೇನೂ ಚೆನ್ನಾಗಿರ್ಲಿಲ್ಲ ಬಿಡ್ರಿ ಅಂತ ನನಗೇ ಹೇಳ್ತಾರೆ. ನಾನು ಕಳಿಸೋದು ಮಾತ್ರ ಜಲಾನ್ ಬೆರ್ಸೆ ರಸ್ತೆಗೆ. ಅಲ್ಲಿ 27ನೇ ಬ್ಲಾಕ್ ಅನ್ನೋ ಕಟ್ಟಡದ ಕೆಳಗೆ ಒಂದು ಹಳೇ ಕೋಪಿಟಿಯಾಮ್, ಅಂದ್ರೆ ಊಟದ ಅಂಗಡಿಗಳೂ ಇರೋ ಕಾಫಿ ಹೋಟೆಲ್, ಇದೆ, ಹೆಸರು ಜಿನ್ ಶುಯ್, ಅದರೊಳಗೆ ಸುಂಗೈ ರೋಡ್ ಲಕ್ಸಾ ಅನ್ನೋ ಒಂದು ಸಣ್ಣ ಅಂಗಡಿ. ಇದು ಸಿಂಗಾಪುರದ ಅತ್ಯಂತ ಗಟ್ಟಿಯಾದ, ಅತ್ಯಂತ ಖಾರವಾದ ಲಕ್ಸಾ ಖಂಡಿತ ಅಲ್ಲ, ಅಂಥದ್ದೇ ಬೇಕು ಅನ್ನೋರು ಇಲ್ಲಿಗೆ ಹೋಗ್ಲೇಬೇಡಿ. ಆದ್ರೆ ಕಾಯಿ ಹಾಲಿನ ಅಡುಗೆ ಅಂದ್ರೆ ಏನು ಅಂತ ನಾಲಿಗೆಗೆ ಗೊತ್ತಿರೋರು, ಅಂದ್ರೆ ನಮ್ಮ ಕರಾವಳಿ ಕಡೆಯೋರು, ಮಲ್ನಾಡೋರು, ಒಂದ್ಸಲ ಹೋಗ್ಬನ್ನಿ.

ದಾರಿ ಸುಲಭ. ಮೆಟ್ರೋ ರೈಲಿನ ಡೌನ್‌ಟೌನ್ ಲೈನಲ್ಲಿ ಜಲಾನ್ ಬೆಸಾರ್ ಸ್ಟೇಷನ್ ಅಂತ ಇದೆ, ಅಲ್ಲಿ ಇಳಿದು ನಡ್ಕೊಂಡೇ ಹೋಗಬಹುದು. ಲಿಟಲ್ ಇಂಡಿಯಾದಲ್ಲಿ ಉಳ್ಕೊಂಡಿದ್ರೆ ಸೆರಂಗೂನ್ ರಸ್ತೆ ದಾಟಿ ಆ ಕಡೆ ಬಂದ್ರೆ ಆಯ್ತು, ರೈಲೂ ಬೇಡ. ಎಲೆಕ್ಟ್ರಾನಿಕ್ಸ್ ಹುಚ್ಚಿರೋ ನಮ್ಮ ಇಂಜಿನಿಯರ್ ಹುಡುಗರು ಬಿಡಿ ಭಾಗಗಳಿಗೆ ಅಂತ ಸಿಮ್ ಲಿಮ್ ಟವರಿಗೆ ಹೋಗೇ ಹೋಗ್ತಾರಲ್ಲ, ಅಲ್ಲಿಂದಲೂ ಹತ್ರ. ಸುಂಗೈ ರೋಡ್ ಅನ್ನೋ ರಸ್ತೆ ಕೂಡ ಇಲ್ಲೇ ಪಕ್ಕದಲ್ಲಿ, ಅಲ್ಲಿ ಹಿಂದೆ ಹಳೇ ಸಾಮಾನು ಮಾರೋ ದೊಡ್ಡ ಬೀದಿ ಸಂತೆ ಇತ್ತು, ಕಳ್ಳರ ಸಂತೆ ಅಂತಾನೇ ಅದಕ್ಕೆ ಹೆಸರು, ಹಳೇ ವಾಚು, ರೇಡಿಯೋ, ನಾಣ್ಯ, ಶೂ, ಏನ್ ಬೇಕು ಹೇಳಿ. 2017ರ ಜುಲೈನಲ್ಲಿ ಅದನ್ನ ಪೂರ್ತಿ ಮುಚ್ಚಿಸಿದ್ರು. ಸಂತೆ ಹೋಯ್ತು, ಆ ರಸ್ತೆ ಹೆಸರು ಹೊತ್ತ ಲಕ್ಸಾ ಉಳೀತು. 1956ರಿಂದ ನಡೀತಿರೋ ಅಂಗಡಿ ಇದು, ಒಂದೇ ಮನೆಯವರ ಕೈಯಲ್ಲೇ ಇದೆ. ಬೋರ್ಡಲ್ಲಿ ಇರೋದೂ ಒಂದೇ ಐಟಂ. ಮೆನು ಕೊಡಿ ಅಂತ ಕೇಳೋ ಪ್ರಶ್ನೇನೇ ಇಲ್ಲ.

ಮೊದಲು ಒಲೆ ನೋಡಿ. ಸಿಂಗಾಪುರದಂಥ ಊರಲ್ಲಿ, ಎಲ್ಲಾ ಗ್ಯಾಸು ಇಂಡಕ್ಷನ್ನು ಆಗಿರೋ ಕಾಲದಲ್ಲಿ, ಇವರ ಲಕ್ಸಾ ಪಾತ್ರೆ ಇವತ್ತಿಗೂ ಇದ್ದಿಲ ಕೆಂಡದ ಮೇಲೆ ಕೂತಿರುತ್ತೆ. ಇದು ಬರೀ ಶೋಕಿಗೆ ಅಂದ್ಕೋಬೇಡಿ, ಕಾರಣ ಇದೆ. ಕಾಯಿ ಹಾಲು ಜೋರಾಗಿ ಕುದ್ರೆ ಒಡೆದು ಹೋಗುತ್ತೆ, ಎಣ್ಣೆ ಮೇಲೆ ತೇಲುತ್ತೆ, ಕೆಳಗೆ ನೀರು ನೀರು, ಬಾಯಿಗೆ ಹಾಕಿದ್ರೆ ತರಿ ತರಿ. ನಮ್ಮನೇಲಿ ಕಾಯಿ ಹಾಲಿನ ಸಾರು ಮಾಡುವಾಗ ದಪ್ಪ ಹಾಲನ್ನ ಕೊನೇಲಿ ಹಾಕಿ, ಒಂದು ಬಿಸಿ ಬಂದ ತಕ್ಷಣ ಇಳಿಸಿಬಿಡಲ್ವಾ, ಅದೇ ಲೆಕ್ಕ. ಆದ್ರೆ ಮನೇಲಿ ಮಾಡೋದು ಒಂದು ಹೊತ್ತಿಗೆ, ಇವರು ಬೆಳಗ್ಗೆಯಿಂದ ಸಂಜೆವರೆಗೂ ಪಾತ್ರೆನ ಬಿಸೀನೂ ಇಡಬೇಕು, ಕುದಿಯೋಕೂ ಬಿಡಬಾರದು. ಕೆಂಡದ ಬಿಸಿ ಅದಕ್ಕೆ ಸರಿ, ಒಂದೇ ಹದ, ನಿಧಾನ. ನಮ್ಮ ಚಿಕ್ಕಮ್ಮ ಕುಂದಾಪುರದಿಂದ ಬಂದಿದ್ದಾಗ ಕರ್ಕೊಂಡು ಹೋಗಿದ್ದೆ, ಅವರು ಬೌಲ್ ಮುಟ್ಟೋಕೆ ಮುಂಚೆ ಪಾತ್ರೆ ಕಡೆ ಕುತ್ತಿಗೆ ಉದ್ದ ಮಾಡಿ ನೋಡಿ, "ಕಾಯ್ ಹಾಲ್ ಕುದ್ಸುಕಾಗ ಅಂದೇಳಿ ಇವ್ರಿಗೂ ಗೊತ್ತಿತ್ ಕಾಣ್ ಮಗಾ" ಅಂದ್ರು. ಭಾಷೆ ಬರದಿದ್ರೂ ಅಡುಗೆ ಮನೆಯೋರಿಗೆ ಅಡುಗೆ ಮನೆ ಅರ್ಥ ಆಗುತ್ತೆ ನೋಡಿ.

ಕ್ಯೂನಲ್ಲಿ ನಿಂತಾಗ ಫೋನ್ ನೋಡ್ತಾ ನಿಲ್ಲಬೇಡಿ, ಅವರ ಕೈ ನೋಡಿ. ಒಂದು ಬೌಲಿಗೆ ದಪ್ಪ ಅಕ್ಕಿ ಶ್ಯಾವಿಗೆ ಹಾಕ್ತಾರೆ, ಮೇಲೆ ಮೊಳಕೆ ಕಾಳು, ಮೀನಿನ ಕೇಕಿನ ಚೂರು. ಆಮೇಲೆ ಸೌಟಲ್ಲಿ ಸಾರು ಹುಯ್ಯೋದು, ಬೌಲನ್ನ ಬಗ್ಗಿಸಿ ಸೌಟು ಅಡ್ಡ ಹಿಡಿದು ಸಾರನ್ನ ವಾಪಸ್ ಪಾತ್ರೆಗೇ ಬಸಿಯೋದು, ಮತ್ತೆ ಹುಯ್ಯೋದು, ಮತ್ತೆ ಬಸಿಯೋದು. ಮೊದಲ ಸಲ ನೋಡಿದೋರಿಗೆ ಇದೇನಪ್ಪಾ ಹಾಕಿದ್ದನ್ನೇ ತೆಗೀತಿದ್ದಾರೆ ಅನ್ಸುತ್ತೆ. ಶ್ಯಾವಿಗೆ ತಣ್ಣಗಿರುತ್ತಲ್ಲ, ಅದಕ್ಕೆ ಬಿಸಿ ಏರಬೇಕು, ಜೊತೆಗೆ ಎಳೆ ಎಳೆಗೂ ಸಾರು ಹಿಡೀಬೇಕು, ಅದಕ್ಕೆ ಈ ಆಟ. ಒಂದೇ ಸಲ ಹುಯ್ದು ಕೊಟ್ರೆ ಮೇಲೆ ಬಿಸಿ ಒಳಗೆ ತಣ್ಣಗೆ, ಅರ್ಧ ತಿನ್ನೋ ಹೊತ್ತಿಗೆ ಇಡೀ ಬೌಲು ಆರಿಹೋಗುತ್ತೆ. ಮಾಲ್ ಅಂಗಡಿಗಳಲ್ಲಿ ಆಗೋದು ಇದೇ. ಬಸಿದು ಬಸಿದು ಕೊನೇಲಿ ತುಂಬಾ ಸಾರು ಹುಯ್ದು, ಚಿಪ್ಪಿನ ಮಾಂಸ ಹಾಕಿ, ಲಕ್ಸಾ ಎಲೆನ ಸಣ್ಣಗೆ ಹೆಚ್ಚಿದ್ದು ಒಂದು ಚಿಟಿಕೆ, ಸಂಬಾಲ್ ಖಾರ ಒಂದು ಚಮಚ. ಇಷ್ಟೇ. ಇಡೀ ಕೆಲಸ ಕಣ್ಣು ಮಿಟುಕಿಸೋದ್ರಲ್ಲಿ ಆಗೋಗುತ್ತೆ, ಆದ್ರೂ ಒಂದು ಹನಿ ಹೊರಗೆ ಚೆಲ್ಲಲ್ಲ.

ಚಾಪ್‌ಸ್ಟಿಕ್ ಕೊಡಲ್ಲ. ಶ್ಯಾವಿಗೆನ ಗಿಡ್ಡ ಗಿಡ್ಡ ಕತ್ತರಿಸಿರ್ತಾರೆ, ಚಮಚ ಒಂದೇ ಸಾಕು. ನಮ್ಮೋರಿಗೆ ಇದು ದೊಡ್ಡ ಅನುಕೂಲ ಮಾರಾಯ್ರೇ, ಆ ಕಡ್ಡಿ ಹಿಡ್ಕೊಂಡು ಒದ್ದಾಡಿ ಅಂಗಿ ಮೇಲೆ ಅರಿಶಿನದ ಕಲೆ ಮಾಡ್ಕೊಳ್ಳೋ ತಾಪತ್ರಯ ಇಲ್ಲ. ಅದಕ್ಕಿಂತ ಮುಖ್ಯ, ಪ್ರತಿ ಚಮಚದಲ್ಲೂ ಶ್ಯಾವಿಗೆ, ಸಾರು, ಮೊಳಕೆ ಎಲ್ಲಾ ಒಟ್ಟಿಗೆ ಬರುತ್ತೆ. ಬೌಲ್ ಚಿಕ್ಕದು, ಇದನ್ನ ಮೊದಲೇ ಹೇಳ್ಬಿಡ್ತೀನಿ. ಹೊಟ್ಟೆ ತುಂಬಾ ಊಟ ಅಂತ ಹೋಗ್ಬೇಡಿ, ಗಟ್ಟಿ ಹೊಟ್ಟೆಯೋರು ಎರಡು ಬೌಲ್ ತಗೋತಾರೆ, ಅಲ್ಲಿ ಅದು ಮಾಮೂಲಿ, ಯಾರೂ ತಿರುಗಿ ನೋಡಲ್ಲ.

ಈಗ ರುಚಿ. ಊರಲ್ಲಿ ಒತ್ತು ಶ್ಯಾವಿಗೆಗೆ ಕಾಯಿ ಹಾಕಿದ ಕೋಳಿ ಸಾರು ಹುಯ್ಕೊಂಡು, ಶ್ಯಾವಿಗೆ ಸಾರು ಕುಡಿದು ಮೆತ್ತಗಾದ್ಮೇಲೆ ತಿಂತೀವಲ್ಲ, ಅದು ನೆನಪಾಗುತ್ತೆ, ಆದ್ರೆ ಧನಿಯಾ ಜೀರಿಗೆ ಕಡೆ ಹೋಗಬೇಡಿ, ಮಸಾಲೆಯ ದಾರಿನೇ ಬೇರೆ. ಲಕ್ಸಾ ಮಸಾಲೆನ ಇಲ್ಲಿ ರೆಂಪಾ ಅಂತಾರೆ, ಒಣ ಮೆಣಸು, ಸಣ್ಣ ಈರುಳ್ಳಿ, ಅರಿಶಿನ, ಮಜ್ಜಿಗೆ ಹುಲ್ಲು, ದುಂಪರಾಸ್ಮೆ, ಬುವಾ ಕೆರಾಸ್ ಅನ್ನೋ ಒಂದು ಎಣ್ಣೆ ಕಾಯಿ, ಜೊತೆಗೆ ಬೆಲಚಾನ್ ಅಂದ್ರೆ ಸಿಗಡಿ ಕೊಳೆಸಿ ಒಣಗಿಸಿದ ಉಂಡೆ, ಮತ್ತೆ ಒಣ ಸಿಗಡಿ. ಎಲ್ಲಾ ರುಬ್ಬಿ ಎಣ್ಣೆ ಬಿಡೋವರೆಗೂ ಹುರಿಯೋದು. ಲಕ್ಸಾ ಮಾಡೋ ಮನೆಮನೆಗೂ ಅಂಗಡಿ ಅಂಗಡಿಗೂ ಅಳತೆ ಬೇರೆ, ಅದನ್ನ ಯಾರೂ ಬಾಯಿ ಬಿಡಲ್ಲ. ಇವರ ಸಾರಲ್ಲಿ ಮೊದಲು ಸಿಗೋದು ಆ ಒಣ ಸಿಗಡಿ. ನಾವು ಕುಂದಾಪುರದ ಕಡೆಯೋರು ಚಟ್ಲಿ ಅಂತೀವಿ, ಒಣ ಚಟ್ಲಿ ಹುರಿದ ಚಟ್ನಿ ತಿಂದು ಬೆಳೆದೋರಿಗೆ ಆ ವಾಸನೆ ಬಂದ ಕೂಡ್ಲೇ ಹಸಿವು ಹೆಚ್ಚುತ್ತೆ. ಅದರ ಹಿಂದೆ ಕಾಯಿ ಹಾಲಿನ ಸಿಹಿ, ತುಂಬಾ ಹಗುರ. ಕೊನೇಲಿ ಲಕ್ಸಾ ಎಲೆ, ಅದಕ್ಕೆ ಮಲಯ್ ಭಾಷೇಲಿ ದೌನ್ ಕೆಸುಮ್, ಸ್ವಲ್ಪ ಕಾಳುಮೆಣಸಿನ ಘಾಟು ಸ್ವಲ್ಪ ನಿಂಬೆ ವಾಸನೆ, ಅದು ಇಲ್ಲದಿದ್ರೆ ಲಕ್ಸಾಗೆ ಲಕ್ಸಾ ಅನ್ನೋಕೇ ಆಗಲ್ಲ.

ಹಗುರ ಅಂದ್ನಲ್ಲ, ಅದೇ ಇಲ್ಲಿನ ವಿಷ್ಯ. ಈಗಿನ ಫ್ಯಾಷನ್ನು ಏನಂದ್ರೆ ಲಕ್ಸಾ ಅಂದ್ರೆ ಕಿತ್ತಳೆ ಬಣ್ಣದ ಗಟ್ಟಿ ಗ್ರೇವಿ, ಮೇಲೆ ಎಣ್ಣೆ ಪದರ, ಅದರ ಮೇಲೊಂದು ದೊಡ್ಡ ಸಿಗಡಿ ಕೂರಿಸಿ ಫೋಟೋ. ನಮ್ಮ ಆಫೀಸ್ ಹತ್ರದ ಒಂದು ಮಾಲಲ್ಲಿ (ಹೆಸರು ಬೇಡ ಬಿಡಿ) ಹಂಗೇ ಕೊಡ್ತಾರೆ, ಇಲ್ಲಿಯ ರೇಟಿಗೆ ಮೂರ್ನಾಲ್ಕು ಪಟ್ಟು ದುಡ್ಡು, ಅರ್ಧ ಬೌಲ್ ಆಗೋ ಹೊತ್ತಿಗೆ ಬಾಯಿ ಕಟ್ಟಿಹೋಗುತ್ತೆ, ಮಧ್ಯಾಹ್ನ ಮೀಟಿಂಗಲ್ಲಿ ಕಣ್ಣು ಎಳೆಯುತ್ತೆ. ಜಲಾನ್ ಬೆರ್ಸೇಲಿ ತಿಂದು ಎದ್ರೆ ಆ ಭಾರ ಇಲ್ಲ. ಬೌಲ್ ಎತ್ತಿ ಕೊನೇ ಸಾರನ್ನ ಕುಡಿದೇ ಇಡ್ತೀರ. ನನ್ನ ಪ್ರಕಾರ ಕಾಯಿ ಹಾಲಿನ ಯಾವ ಅಡುಗೆಗೂ ಇದೇ ಪರೀಕ್ಷೆ, ಕೊನೇ ಗುಟುಕು ಕುಡಿಯೋಕೆ ಮನಸ್ಸು ಬರ್ಬೇಕು.

ಖಾರದ ವಿಚಾರ ನಮ್ಮೋರು ಕೇಳೇ ಕೇಳ್ತಾರೆ. ಬರೀ ಸಾರು ನಮ್ಮ ಲೆಕ್ಕದಲ್ಲಿ ಖಾರಾನೇ ಅಲ್ಲ, ಖಾರ ಇರೋದು ಮೇಲೆ ಹಾಕೋ ಸಂಬಾಲಲ್ಲಿ. ಆರ್ಡರ್ ಮಾಡುವಾಗಲೇ "ಆಂಟಿ, ಮೋರ್ ಚಿಲ್ಲಿ" ಅಂದ್ರೆ ಸಾಕು. ಉತ್ತರ ಕರ್ನಾಟಕದ ಫ್ರೆಂಡ್ ಒಬ್ಬ ಇದ್ದಾನೆ, ಯಾವ ಊರಿನ ಖಾರಾನೂ ಖಾರಾನೇ ಅಲ್ಲ ಅನ್ನೋ ಜಾತಿ, ಅವನೂ ಸಂಬಾಲ್ ಕಲಸ್ಕೊಂಡ್ಮೇಲೆ ಸುಮ್ನೆ ತಿಂದ. ಆದ್ರೆ ಮೊದಲ ನಾಕು ಚಮಚ ಸಂಬಾಲ್ ಕಲಸದೇ ತಿನ್ನಿ, ದಯವಿಟ್ಟು. ಕಲಸಿದ್ಮೇಲೆ ಸಾರಿನ ರುಚಿ ವಾಪಸ್ ಸಿಗಲ್ಲ.

ಇನ್ನು ಚಿಪ್ಪು. ಇಲ್ಲಿ ಅದಕ್ಕೆ ಹಮ್ ಅಂತಾರೆ. ಮಂಗಳೂರೋರು ಮರುವಾಯಿ ಅಂದ್ಕೊಂಡು, ಕಾರವಾರದೋರು ತಿಸ್ರೆ ಅಂದ್ಕೊಂಡು ಖುಷಿಯಿಂದ ಹೋಗ್ತಾರೆ, ಆದ್ರೆ ಇದು ಬೇರೆ ಜಾತಿ, ಕೆಸರಲ್ಲಿ ಬೆಳೆಯೋದು, ಒಳಗೆ ರಕ್ತದ ಕೆಂಪು ಇರುತ್ತೆ, ಇದನ್ನ ಪೂರ್ತಿ ಬೇಯಿಸಲ್ಲ, ಬಿಸಿ ಸಾರಿಗೆ ತೋರಿಸಿ ತೆಗೆದ ಹಾಗೆ, ಅರೆಬೆಂದಿದ್ದೇ ರುಚಿ ಅಂತ ಇಲ್ಲಿಯೋರ ನಂಬಿಕೆ. ಚೀನೀ ಅಜ್ಜಂದಿರು ಎಕ್ಸ್‌ಟ್ರಾ ಹಮ್ ಹಾಕಿಸ್ಕೊಂಡು ಹೀರೋದು ನೋಡ್ಬೇಕು. ನನಗೆ ಇಷ್ಟಾನೇ, ಒಂಥರಾ ಕಬ್ಬಿಣದ ರುಚಿ, ಕಾಯಿ ಹಾಲಿನ ಸಿಹಿ ಜೊತೆ ಸರಿಯಾಗಿ ಕೂರುತ್ತೆ. ಆದ್ರೆ ಅರೆಬೆಂದ ಚಿಪ್ಪಿನಿಂದ ಹೆಪಟೈಟಿಸ್ ಎ ಬರೋ ಅಪಾಯ ಎಲ್ಲಾ ಕಡೆ ಇರೋದೇ, ಇದೊಂದು ಅಂಗಡಿ ಮಾತಲ್ಲ, ಬಸುರಿ ಹೆಂಗಸ್ರು, ಸಣ್ಣ ಮಕ್ಕಳು, ಹೊಟ್ಟೆ ನಾಜೂಕಿರೋರು "ನೋ ಹಮ್" ಅಂದ್ಬಿಡಿ. ಹಮ್ ಇಲ್ದೆ ತಿನ್ನೋರು ಬೇಕಾದಷ್ಟು ಜನ ಇದ್ದಾರೆ.

ಕಟೋಂಗ್ ಲಕ್ಸಾ ಜೊತೆ ಹೋಲಿಸಿ ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ಕಟೋಂಗ್ ಅಂದ್ರೆ ಪೂರ್ವ ಕಡೆ ಈಸ್ಟ್ ಕೋಸ್ಟ್ ರಸ್ತೆ, ಪೆರಾನಾಕನ್ ಮನೆಗಳಿರೋ ಏರಿಯಾ, ಪೆರಾನಾಕನ್ ಅಂದ್ರೆ ಇಲ್ಲಿಗೆ ಬಹಳ ಹಿಂದೆ ಬಂದು ಮಲಯ್ ರೀತಿ ನೀತಿ ಸೇರಿಸ್ಕೊಂಡ ಚೀನೀ ಮನೆತನಗಳು, ಕಾಯಿ ಹಾಲಿನ ಲಕ್ಸಾ ಆ ಅಡುಗೆ ಮನೆಗಳದ್ದೇ. ಅಲ್ಲಿ ಒಂದು ಕಾಲದಲ್ಲಿ ಅಕ್ಕಪಕ್ಕದ ಅಂಗಡಿಗಳೆಲ್ಲಾ ನಾವೇ ಅಸಲಿ ನಾವೇ ಅಸಲಿ ಅಂತ ಜಗಳಕ್ಕೆ ಬಿದ್ದಿದ್ರು. 328 ಕಟೋಂಗ್ ಲಕ್ಸಾ ಅಂಗಡಿ 2013ರಲ್ಲಿ ಬ್ರಿಟಿಷ್ ಟಿವಿ ಶೆಫ್ ಗಾರ್ಡನ್ ರಾಮ್ಸೇ ಜೊತೆ ಅಡುಗೆ ಪಂದ್ಯಕ್ಕೆ ನಿಂತು ಗೆದ್ದಿತ್ತು, ಅಲ್ಲಿಂದ ಪ್ರವಾಸಿಗರೆಲ್ಲಾ ಆ ಕಡೆ. ಅಲ್ಲಿಯ ಸಾರು ಇದಕ್ಕಿಂತ ಗಟ್ಟಿ, ಕಾಯಿ ಹಾಲು ಎದ್ದು ಕಾಣುತ್ತೆ, ಅದೂ ಚೆನ್ನಾಗಿದೆ, ಬೇರೆ ಥರ ಚೆನ್ನಾಗಿದೆ. ಮಲೇಷ್ಯಾದ ಪೆನಾಂಗ್‌ಗೆ ಹೋಗಿ ಲಕ್ಸಾ ಕೇಳಿದ್ರೆ ಮಾತ್ರ ಹುಷಾರು, ಅಲ್ಲಿ ಕೊಡೋದು ಹುಣಸೆ ಹುಳಿ ಹಾಕಿದ ಮೀನಿನ ಸಾರು, ಕಾಯಿ ಹಾಲು ಒಂದು ತೊಟ್ಟೂ ಇರಲ್ಲ. ಜೊಹೋರ್‌ನಲ್ಲಂತೂ ಸ್ಪಾಗೆಟ್ಟಿ ಹಾಕ್ತಾರೆ. ಇರ್ಲಿ.

ಜಾಗದ ಬಗ್ಗೆ ದೊಡ್ಡದಾಗಿ ಹೇಳೋಕೆ ಏನಿಲ್ಲ. ಎಸಿ ಇಲ್ಲ, ಮೇಲೆ ಫ್ಯಾನು, ದುಂಡು ಟೇಬಲ್ಲು, ಪ್ಲಾಸ್ಟಿಕ್ ಸ್ಟೂಲು. ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಆಫೀಸ್ ಜನ, ಟ್ಯಾಕ್ಸಿ ಅಂಕಲ್‌ಗಳು, ಎಲ್ಲಾ ಒಟ್ಟಿಗೆ ಬರ್ತಾರೆ, ಕ್ಯೂ ಉದ್ದ ಇರುತ್ತೆ, ಆದ್ರೆ ಒಂದೇ ಐಟಂ ಆಗಿರೋದ್ರಿಂದ ಬೇಗ ಸರಿಯುತ್ತೆ. ಟೇಬಲ್ ಮೇಲೆ ಟಿಶ್ಯೂ ಪ್ಯಾಕೆಟ್ ಒಂದೇ ಕೂತಿದ್ರೆ ಖಾಲಿ ಇದೆ ಅಂತ ಕೂರ್ಬೇಡಿ, ಅದು ಯಾರೋ ಜಾಗ ಹಿಡಿದಿರೋ ಗುರುತು, ನಮ್ಮಲ್ಲಿ ಬಸ್ ಸೀಟಿಗೆ ಟವೆಲ್ ಹಾಕ್ತೀವಲ್ಲ ಹಾಗೆ. ಬೇರೆ ಯಾರಾದ್ರೂ ಕೂತಿದ್ರೂ ಖಾಲಿ ಸ್ಟೂಲ್ ತೋರಿಸಿ ಕೇಳಿ ಕೂತ್ಕೋಬಹುದು. ತಿಂದಾದ್ಮೇಲೆ ಬೌಲು ತಟ್ಟೆ ನೀವೇ ಎತ್ತಿ ಇಡ್ಬೇಕು, 2022ರ ಜನವರಿಯಿಂದ ಕೋಪಿಟಿಯಾಮ್‌ಗಳಲ್ಲೂ ಇದು ಕಾನೂನು, ಮೊದಲ ಸಲ ಎಚ್ಚರಿಕೆ, ಮತ್ತೆ ಸಿಕ್ಕಿಬಿದ್ರೆ 300 ಡಾಲರ್ ದಂಡ. ದರ್ಶಿನಿಗಳಲ್ಲಿ ಪ್ಲೇಟ್ ಟಬ್ಬಿಗೆ ಹಾಕಿ ಅಭ್ಯಾಸ ಇರೋ ಬೆಂಗಳೂರಿನೋರಿಗೆ ಕಷ್ಟ ಆಗಲ್ಲ. ಕುಡಿಯೋಕೆ ಕಾಫಿ ಅಂಗಡಿಯೋರ ಹತ್ರ ಬೇರೆಯಾಗಿ ಹೇಳ್ಬೇಕು. ಇಲ್ಲಿಯ ಕೋಪಿ ಬೀಜನ ಸಕ್ಕರೆ, ಬೆಣ್ಣೆಯಂಥ ಮಾರ್ಗರಿನ್ ಹಾಕಿ ಹುರೀತಾರೆ, ಫಿಲ್ಟರ್ ಕಾಫಿ ನಾಲಿಗೆಗೆ ಮೊದಲು ಸುಟ್ಟ ವಾಸನೆ ಅನ್ಸುತ್ತೆ. ಲಕ್ಸಾ ಜೊತೆ ಅದು ಬೇಡ, ತಣ್ಣನೆ ನಿಂಬೆ ಜ್ಯೂಸ್ ತಗೊಳ್ಳಿ.

ರೇಟು ಬಹಳ ವರ್ಷ 3 ಡಾಲರ್ ಇತ್ತು, ಆಮೇಲೆ ಏರಿದೆ. ಏರದೇ ಇನ್ನೇನ್ ಮಾಡ್ತಾರೆ, ಇದ್ದಿಲು, ಕಾಯಿ, ಸಿಗಡಿ ಎಲ್ಲಾ ಹೊರಗಿಂದ ಬರ್ಬೇಕು, ಈ ದೇಶದಲ್ಲಿ ಬೆಳೆಯೋದೇ ಕಮ್ಮಿ. ಇವತ್ತಿಗೂ ಮಾಲಲ್ಲಿ ಒಂದು ಬೌಲಿಗೆ ಕೊಡೋ ದುಡ್ಡಲ್ಲಿ ಇಲ್ಲಿ ಇಬ್ಬರು ತಿಂದು ಜ್ಯೂಸೂ ಕುಡಿಬಹುದು. 2020ರ ಡಿಸೆಂಬರಲ್ಲಿ ಸಿಂಗಾಪುರದ ಹಾಕರ್ ಸಂಸ್ಕೃತಿನ, ಅಂದ್ರೆ ಇಂಥ ಸಣ್ಣ ಊಟದ ಅಂಗಡಿಗಳ ಪರಂಪರೆನ, ಯುನೆಸ್ಕೋ ಪಟ್ಟಿಗೆ ಸೇರಿಸಿದ್ರು, ಎಲ್ಲರೂ ಹೆಮ್ಮೆ ಪಟ್ರು, ಸ್ಟೇಟಸ್ ಹಾಕಿದ್ರು. ಅದೇ ಜನ ಲಕ್ಸಾ ಐವತ್ತು ಸೆಂಟ್ ಜಾಸ್ತಿ ಆದ್ರೆ ಗೊಣಗ್ತಾರೆ, ಪಕ್ಕದ ಕೆಫೇಲಿ ಏಳು ಡಾಲರ್ ಕಾಫಿಗೆ ಮಾತಿಲ್ಲ ಕಥೆಯಿಲ್ಲ. ಹಾಕರ್‌ಗಳ ವಯಸ್ಸು ಸರಾಸರಿ ಅರವತ್ತರ ಆಸುಪಾಸು, ಬೆಳಗಿನ ಜಾವ ಎದ್ದು ಬೆಂಕಿ ಮುಂದೆ ನಿಲ್ಲೋ ಕೆಲಸಕ್ಕೆ ಓದಿದ ಮಕ್ಕಳು ಬರ್ತಿಲ್ಲ, ಉಡುಪಿ ಹೋಟೆಲಿನ ಮನೆಗಳಲ್ಲಿ ಆಗ್ತಿರೋದೂ ಇದೇ ತಾನೇ. ಒಂದೇ ಮನೆಯೋರು ಒಂದೇ ಐಟಂನ ಇಷ್ಟು ವರ್ಷ ಇದೇ ಥರ ಮಾಡ್ಕೊಂಡು ಬಂದಿದ್ದಾರೆ ಅಂದ್ರೆ ಐವತ್ತು ಸೆಂಟ್ ಅಲ್ಲ, ಒಂದು ಡಾಲರ್ ಜಾಸ್ತಿ ಮಾಡಿದ್ರೂ ನಾನಂತೂ ಕೊಡ್ತೀನಿ.

ಸಸ್ಯಾಹಾರಿಗಳಿಗೆ ನೇರವಾಗಿ ಹೇಳ್ತೀನಿ, ಇಲ್ಲಿ ನಿಮಗೇನೂ ಇಲ್ಲ. ಮೀನು ಚಿಪ್ಪು ತೆಗೆದು ಕೊಡಿ ಅಂದ್ರೂ ಉಪಯೋಗ ಇಲ್ಲ, ಸಿಗಡಿ ಸಾರಲ್ಲೇ ಅರೆದು ಹೋಗಿರುತ್ತೆ. ಪರಿಚಯದೋರು ಒಬ್ರು ಬರೀ ಶ್ಯಾವಿಗೆ ಸಾರು ಅಂತ ಆರಾಮಾಗಿ ತಿಂತಿದ್ರು, ಹೇಳೋದೋ ಬೇಡ್ವೋ ಅಂತ ನಾವೆಲ್ಲಾ ಮುಖ ಮುಖ ನೋಡ್ಕೊಂಡು ಕೊನೆಗೂ ಯಾರೂ ಹೇಳ್ಲಿಲ್ಲ. ನಿಮಗೆ ಲಕ್ಸಾ ರುಚಿ ನೋಡ್ಲೇಬೇಕು ಅಂತಿದ್ರೆ ಅಲ್ಲಿಂದ ಸ್ವಲ್ಪ ದೂರ ನಡೆದ್ರೆ ಮಿಡಲ್ ರೋಡಲ್ಲಿ ಫಾರ್ಚೂನ್ ಸೆಂಟರ್ ಅಂತ ಕಟ್ಟಡ ಇದೆ, ಒಳಗೆ ಸಸ್ಯಾಹಾರಿ ಅಂಗಡಿಗಳು ಸುಮಾರಿವೆ. ಬೌದ್ಧ ಪದ್ಧತಿಯ ಅಂಗಡಿಗಳಲ್ಲಿ ಈರುಳ್ಳಿ ಬೆಳ್ಳುಳ್ಳೀನೂ ಹಾಕಲ್ಲ, ಮಡಿ ಜಾಸ್ತಿ ಇರೋ ನಮ್ಮ ಅಜ್ಜಿಯಂದಿರಿಗೂ ನಡೆಯುತ್ತೆ, ಆದ್ರೂ ಕೇಳಿ ಖಾತ್ರಿ ಮಾಡ್ಕೊಳ್ಳಿ. ಅದೂ ಬೇಡ ಅಂದ್ರೆ ಸೆರಂಗೂನ್ ರಸ್ತೇಲಿ 1947ರಿಂದ ಇರೋ ಕೋಮಲ ವಿಲಾಸಕ್ಕೆ ಹೋಗಿ ದೋಸೆ ತಿನ್ನಿ, ಮನೆಯೋರು ಲಕ್ಸಾ ಮುಗಿಸ್ಕೊಂಡು ಅಲ್ಲಿಗೇ ಬರ್ಲಿ.

ಬುಧವಾರ ಅಂಗಡಿ ರಜೆ. ಮಿಕ್ಕ ದಿನ ಬೆಳಗ್ಗೆ ಒಂಬತ್ತೂವರೆ ಹೊತ್ತಿಗೆ ಶುರು, ಸಂಜೆ ನಾಕರ ಒಳಗೆ ಮುಗಿಸ್ತಾರೆ, ರಾತ್ರಿ ಊಟಕ್ಕೆ ಅಂತ ಪ್ಲಾನ್ ಮಾಡ್ಬೇಡಿ. ನಾನು ಹೋಗೋದು ಹತ್ತೂವರೆ ಸುಮಾರಿಗೆ, ಆಗ ಕ್ಯೂ ಕಮ್ಮಿ. ಕೈಲಿ ಚಿಲ್ಲರೆ ದುಡ್ಡು ಇಟ್ಕೊಂಡು ಹೋಗಿ. ಪಾರ್ಸಲ್ ಮಾತ್ರ ಬೇಡ, ಹೋಟೆಲ್ ರೂಮಿಗೆ ತಗೊಂಡು ಹೋಗೋಷ್ಟರಲ್ಲಿ ಶ್ಯಾವಿಗೆ ಸಾರೆಲ್ಲಾ ಹೀರ್ಕೊಂಡು ಊದಿರುತ್ತೆ, ಮೈಕ್ರೋವೇವಲ್ಲಿ ಬಿಸಿ ಮಾಡಿದ್ರೆ ಕಾಯಿ ಹಾಲು ಒಡೆಯುತ್ತೆ, ಆಮೇಲೆ ಚೆನ್ನಾಗಿರ್ಲಿಲ್ಲ ಅಂತ ನನಗೆ ಮೆಸೇಜ್ ಹಾಕ್ತೀರ.